‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’: ಇಶಿಗಾಮಿಗಾಗಿ ಮರುಗುವ ನಾವು ಇನ್ನೊಬ್ಬ ಸತ್ತವನನ್ನು ಏಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ?

ಶರಾವತಿ_ಓದು:

ಮೊದಲಿಗೇ ಹೇಳಿಬಿಡುತ್ತೇನೆ. ಈ ಚರ್ಚೆಯಲ್ಲಿ ಕಾದಂಬರಿಯ ಗುಟ್ಟೆಲ್ಲವೂ ಬಯಲಾಗಲಿದೆ; ಇನ್ನೂ ಓದದವರು ಮುಂದಕ್ಕೆ ಹೋಗದಿರುವುದು ಒಳ್ಳೆಯದು.

ಕೇಗೊ ಹಿಗಾಶಿನೊ ಅವರ ಈ ಪತ್ತೇದಾರಿ ಕಾದಂಬರಿ ಜಪಾನಿನಲ್ಲಿ 2005ರಲ್ಲಿ ಪುಸ್ತಕವಾಗಿ ಹೊರಬಂತು. 2006ರ ಜನವರಿಯಲ್ಲಿ ಅದಕ್ಕೆ ನವೊಕಿ ಪ್ರಶಸ್ತಿ ದೊರೆಯಿತು. 2011ರಲ್ಲಿ ಇಂಗ್ಲಿಷ್ ಅನುವಾದ ಬಂದ ಮೇಲೆ ನಮ್ಮವರೂ ಸಾಕಷ್ಟು ಜನ ಓದಿದ್ದಾರೆ. ಓದಿ ಬರೆದವರಲ್ಲಿ ಹೆಚ್ಚಿನವರು ‘ಇಂಥ ನಿಸ್ವಾರ್ಥ ಪ್ರೇಮವನ್ನು ಬೇರೆಲ್ಲೂ ಕಂಡಿಲ್ಲ’ ಎಂಬ ಮಾತಿನೊಂದಿಗೇ ಬರಹ ಮುಗಿಸುತ್ತಾರೆ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

ಕಥೆ ನೆನಪಿಗೆ ಬರಲೆಂದು ನಾಲ್ಕು ಮಾತು. ಟೋಕಿಯೋದಲ್ಲಿ ಬೆಂತೊ ಊಟ ಮಾರುವ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಯಾಸುಕೊ, ಶಾಲೆಗೆ ಹೋಗುವ ಮಗಳು ಮಿಸಾತೊ, ದುಡ್ಡಿಗಾಗಿ ಬೆನ್ನುಬಿದ್ದು ಕಾಡುವ ಮಾಜಿ ಗಂಡ ತೊಗಾಶಿ. ಒಂದು ರಾತ್ರಿ ಅವನು ಮನೆಗೆ ಬಂದು ಜಗಳ ವಿಪರೀತಕ್ಕೆ ಹೋದಾಗ ತಾಯಿ ಮಗಳು ಸೇರಿ ಅವನನ್ನು ಕೊಲ್ಲುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ‘ಉಳಿದದ್ದೆಲ್ಲ ನನಗೆ ಬಿಡಿ’ ಎಂದು ಮುಂದಾಗುತ್ತಾನೆ. ಹಳೆಯ ಎದೊ ನದಿಯ ದಂಡೆಯಲ್ಲಿ ಮುಖ ಜಜ್ಜಿ, ಬೆರಳ ತುದಿಗಳನ್ನು ಸುಟ್ಟ ಶವವೊಂದು ಪೊಲೀಸರಿಗೆ ಸಿಗುತ್ತದೆ. ಆ ಶವ ತೊಗಾಶಿಯದಲ್ಲ ಎಂಬುದು ಕೊನೆಯಲ್ಲಿ ತಿಳಿಯುತ್ತದೆ. ಅದು ಸುಮಿದಾ ನದಿಯ ದಂಡೆಯಲ್ಲಿ ಬದುಕುತ್ತಿದ್ದ ಮನೆಯಿಲ್ಲದ ಒಬ್ಬನದು. ಎಂಜಿನಿಯರಿಂಗ್ ಪತ್ರಿಕೆ ಓದುತ್ತಿದ್ದನೆಂಬ ಕಾರಣಕ್ಕೆ ಇಶಿಗಾಮಿ ಅವನನ್ನು ಮನಸ್ಸಿನಲ್ಲೇ ‘ಎಂಜಿನಿಯರ್’ ಎಂದು ಕರೆದುಕೊಂಡಿದ್ದ. ಅದರಾಚೆಗೆ ಅವನಿಗೆ ಹೆಸರೇ ಇಲ್ಲ.

ತೊಗಾಶಿ ಸತ್ತದ್ದು ಭಯದಲ್ಲಿ, ಸಿಟ್ಟಿನಲ್ಲಿ, ಕ್ಷಣಾರ್ಧದಲ್ಲಿ. ಎಂಜಿನಿಯರ್ ಸತ್ತದ್ದು ಒಬ್ಬ ಶಾಂತಚಿತ್ತದ ಮನುಷ್ಯ ಕುಳಿತು ಹಾಕಿದ ಯೋಜನೆಯಂತೆ. ಅವನು ಯಾರಿಗೂ ಎಳ್ಳಷ್ಟೂ ಕೆಡುಕು ಮಾಡಿದವನಲ್ಲ. ಹೀಗಿರುವಾಗ ಇದನ್ನು ಪ್ರೇಮಕಥೆ ಎಂದು ಕರೆಯಲು ನಮಗೆ ಹೇಗೆ ಮನಸ್ಸು ಬರುತ್ತದೆ? ಇದು ಲೇಖಕರ ಲೋಪವೋ, ಅಥವಾ ಅವರು ಬೇಕೆಂದೇ ಓದುಗರಿಗೆ ಒಡ್ಡಿದ ಬಲೆಯೋ?

ಮಂದಾರ:

ಪ್ರೇಮಕಥೆ ಎಂದವರೆಲ್ಲ ಕೊಲೆಗೆ ಒಪ್ಪಿಗೆ ಕೊಟ್ಟಂತೆ ಆಗುವುದಿಲ್ಲ, ಶರಾವತಿ ಅವರೇ. ಇಶಿಗಾಮಿ ನೇಣು ಹಾಕಿಕೊಳ್ಳಲು ಸಿದ್ಧನಾಗಿ ನಿಂತಿದ್ದ ಹೊತ್ತಿನಲ್ಲೇ ಬಾಗಿಲ ಗಂಟೆ ಬಾರಿಸಿತು. ಪಕ್ಕದ ಮನೆಗೆ ಹೊಸದಾಗಿ ಬಂದ ತಾಯಿ ಮಗಳು ಪರಿಚಯ ಹೇಳಿಕೊಳ್ಳಲು ನಿಂತಿದ್ದರು. ಅಂದಿನಿಂದ ಅವನ ಬದುಕು ತನ್ನದಲ್ಲ, ಅವರದು. ಆ ಪುಟಗಳನ್ನು ಓದಿ ಕರುಳು ಚುರುಕ್ ಎನ್ನದವರಿಗೆ ನಾನು ಏನನ್ನೂ ವಿವರಿಸಲಾರೆ.

ಬೆಳವಲ:

ಅವನ ಬದುಕು ಅವರದಾಗಿರಲಿ, ಬೇಡ ಎಂದವರಾರು? ಎಂಜಿನಿಯರನ ಬದುಕು ಯಾವಾಗ ಅವನದಾಯಿತು?

ಗಣಿತಮೇಷ್ಟ್ರು:

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು; ಆದ್ದರಿಂದ ಇಶಿಗಾಮಿಯ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ ಎಂದು ಮೊದಲೇ ತಿಳಿದು ಓದಿರಿ. ನೀತಿಯ ಮಾತಿಗೆ ಬರುವ ಮುನ್ನ ತಂತ್ರ ಎಲ್ಲಿದೆ ಎಂಬುದನ್ನು ಬಿಡಿಸಿ ನೋಡಬೇಕು, ಏಕೆಂದರೆ ನೀತಿಯ ಗಂಟು ಕೂಡ ಅಲ್ಲೇ ಬಿದ್ದಿದೆ.

ಕೊಲೆ ನಡೆದದ್ದು ಮಾರ್ಚ್ 9ರ ರಾತ್ರಿ. ಪೊಲೀಸರು ಕೇಳುವುದು 10ರ ರಾತ್ರಿಯ ಬಗ್ಗೆ. ತಾಯಿ ಮಗಳು 10ರಂದು ನಿಜವಾಗಿಯೂ ಸಿನಿಮಾ ನೋಡಿದ್ದಾರೆ, ರಾಮೆನ್ ತಿಂದಿದ್ದಾರೆ, ಕರಾವೊಕೆಗೆ ಹೋಗಿದ್ದಾರೆ. ಹಾಗಾಗಿ ಅವರು ಸುಳ್ಳು ಹೇಳುವ ಪ್ರಸಂಗವೇ ಬರುವುದಿಲ್ಲ. ಪತ್ತೇದಾರ ಕುಸಾನಾಗಿ ಸುಳ್ಳಿನಲ್ಲಿ ಬಿರುಕು ಹುಡುಕುತ್ತಾನೆ, ಆದರೆ ಅವನ ಮುಂದೆ ಇರುವುದು ಅಪ್ಪಟ ಸತ್ಯ. ಸುಳ್ಳಿರುವುದು ಪ್ರಶ್ನೆಯಲ್ಲಿ. ಇಶಿಗಾಮಿ ತನ್ನ ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ಹೇಳುವ ಮಾತು ನೆನಪಿದೆಯೇ? ನೋಡಲು ರೇಖಾಗಣಿತದಂತೆ ಕಂಡರೂ ಬಿಡಿಸಲು ಕುಳಿತರೆ ಅದು ಫಲನಗಳ ಲೆಕ್ಕವಾಗಿರುತ್ತದೆ ಎಂಬ ಮಾತು? ಇಡೀ ಕಾದಂಬರಿಯ ಬೀಗದ ಕೈಯನ್ನು ಲೇಖಕರು ಅಲ್ಲೇ ನಮ್ಮ ಕೈಗೆ ಕೊಟ್ಟಿದ್ದಾರೆ.

ಈ ರಚನೆ ನಿಲ್ಲಬೇಕಾದರೆ 10ರ ರಾತ್ರಿ ಸತ್ತ ಒಂದು ದೇಹ ಬೇಕೇ ಬೇಕು. ಆ ದೇಹವನ್ನು ತೊಗಾಶಿ ಎಂದು ನಂಬಿಸಲು ಎಂಜಿನಿಯರನನ್ನು ಮೊದಲೇ ತೊಗಾಶಿ ತಂಗಿದ್ದ ಬಾಡಿಗೆ ಕೋಣೆಗೆ ಕಳಿಸಿ, ಅವನ ಕೂದಲೂ ಬೆರಳಚ್ಚೂ ಅಲ್ಲಿ ಉಳಿಯುವಂತೆ ಮಾಡಲಾಗಿದೆ. ಕದ್ದದ್ದು ಹೊಸ ಸೈಕಲ್, ಏಕೆಂದರೆ ಹೊಸದಾದರೆ ಮಾತ್ರ ಮಾಲೀಕ ದೂರು ಕೊಡುತ್ತಾನೆ, ದೂರು ಬಂದರೆ ಮಾತ್ರ ಸಮಯ ನಿಗದಿಯಾಗುತ್ತದೆ. ಕ್ರೂರವೇ ಹೌದು. ಆದರೆ ಒಂದು ಹೆಜ್ಜೆಯೂ ಅನಗತ್ಯವಾಗಿ ಬಿದ್ದಿಲ್ಲ.

ಶರಾವತಿ_ಓದು:

ಮೇಷ್ಟ್ರೇ, ‘ಒಂದು ದೇಹ ಬೇಕೇ ಬೇಕು’ ಎಂದು ನೀವು ಬರೆದಿರಲ್ಲ, ಓದುತ್ತಾ ನಾನೂ ತಲೆಯಾಡಿಸಿದೆ. ಲೇಖಕರು ನಮ್ಮನ್ನು ಹಾಗೆ ತಲೆಯಾಡಿಸುವ ಸ್ಥಿತಿಗೆ ತಂದು ನಿಲ್ಲಿಸಿದ್ದಾರೆ ಎಂಬುದೇ ನನ್ನ ಪ್ರಶ್ನೆಯ ಹುರುಳು. ಒಗಟು ಬಿಡಿಸುವ ಸಂತೋಷದಲ್ಲಿ ಮನುಷ್ಯನೊಬ್ಬ ‘ಅಗತ್ಯವಾದ ಹೆಜ್ಜೆ’ ಆಗಿಬಿಡುತ್ತಾನೆ. ಇಶಿಗಾಮಿಗೆ ಆದದ್ದೂ ಅದೇ.

ಸಿನಿಮಾಹುಚ್ಚ:

ಇದನ್ನೆಲ್ಲ ನಾವು ‘ದೃಶ್ಯ’ದಲ್ಲಿ ನೋಡಿಯಾಗಿದೆ. 2014ರಲ್ಲಿ ಪಿ. ವಾಸು ನಿರ್ದೇಶನದಲ್ಲಿ ರವಿಚಂದ್ರನ್ ಮಾಡಿದ ಕೇಬಲ್ ಆಪರೇಟರ್ ರಾಜೇಂದ್ರ ಪೊನ್ನಪ್ಪ ಕೂಡ ತಾರೀಖಿನ ಆಟವನ್ನೇ ಆಡಿದ. ಮಲಯಾಳದ ಮೂಲ ಬಂದಾಗಲೇ ಈ ಕಾದಂಬರಿಯೊಂದಿಗೆ ಹೋಲಿಕೆಯ ವಿವಾದ ಎದ್ದಿತ್ತು. ನಿರ್ದೇಶಕ ಜೀತು ಜೋಸೆಫ್ ಅದನ್ನು ಅಲ್ಲಗಳೆದಿದ್ದರು.

ತುಂಗಭದ್ರಾ:

ತಾರೀಖಿನ ಆಟ ಎಂಬಷ್ಟಕ್ಕೆ ಹೋಲಿಕೆ ನಿಲ್ಲುತ್ತದೆ, ಸ್ವಾಮಿ. ಪೊನ್ನಪ್ಪ ಮಾಡುವುದು ಸಾಕ್ಷಿಗಳ ನೆನಪನ್ನು ಹಿಂದಕ್ಕೆ ಜರುಗಿಸುವ ಕೆಲಸ. ಇಡೀ ಊರಿನವರ ಬಾಯಲ್ಲಿ ಅವರಿಗೇ ಗೊತ್ತಿಲ್ಲದಂತೆ ಸುಳ್ಳು ಹೇಳಿಸುತ್ತಾನೆ. ಇಶಿಗಾಮಿ ಯಾರ ಬಾಯಲ್ಲೂ ಸುಳ್ಳು ಹೇಳಿಸುವುದಿಲ್ಲ, ಆದರೆ ಅದಕ್ಕಾಗಿ ಇನ್ನೊಂದು ಜೀವ ತೆಗೆಯುತ್ತಾನೆ. ‘ದೃಶ್ಯ’ದಲ್ಲಿ ಸತ್ತವನು ಒಬ್ಬನೇ, ಅವನ ತಂದೆ ತಾಯಿ ಕೊನೆಯಲ್ಲಿ ಬಂದು ಎದುರಿಗೆ ನಿಲ್ಲುತ್ತಾರೆ, ಅಪರಾಧದ ಭಾರ ಅವರ ಮುಖದ ಮೂಲಕವೇ ನಾಯಕನಿಗೂ ನಮಗೂ ತಟ್ಟುತ್ತದೆ. ಎಂಜಿನಿಯರನ ಪರವಾಗಿ ಬಂದು ನಿಲ್ಲುವವರು ಆ ಕಾದಂಬರಿಯಲ್ಲಿ ಯಾರಿದ್ದಾರೆ?

ಸಿನಿಮಾಹುಚ್ಚ:

ಒಪ್ಪಿದೆ, ಆ ಕೋನದಿಂದ ನಾನು ನೋಡಿರಲಿಲ್ಲ. ಹಾಗಿದ್ದರೆ ಇದರ ನೇರ ರೂಪಾಂತರಗಳಲ್ಲಿ ಯಾವುದನ್ನು ನೋಡಬೇಕು? ಜಪಾನಿನಲ್ಲಿ 2008ರಲ್ಲಿ, ಕೊರಿಯಾದಲ್ಲಿ 2012ರಲ್ಲಿ, ಚೀನಾದಲ್ಲಿ 2017ರಲ್ಲಿ ಬಂದಿವೆ. ಹಿಂದಿಯಲ್ಲಿ ಸುಜಯ್ ಘೋಷ್ 2023ರಲ್ಲಿ ಕಾಲಿಂಪಾಂಗಿಗೆ ಕಥೆಯನ್ನು ತಂದು, ಕರೀನಾ ಕಪೂರ್ ಮತ್ತು ಜೈದೀಪ್ ಅಹ್ಲಾವತ್ ಅವರನ್ನು ಹಾಕಿಕೊಂಡು ಮಾಡಿದರು.

ಮಂದಾರ:

2008ರ ಜಪಾನಿ ಚಿತ್ರವನ್ನೇ ನೋಡಿ. ಇಶಿಗಾಮಿಯಾಗಿ ಶಿನಿಚಿ ತ್ಸುತ್ಸುಮಿ ಅವರ ಬಾಗಿದ ಬೆನ್ನು ಒಂದೇ ಸಾಕು. ಕೊರಿಯಾದವರು ಇಶಿಗಾಮಿಯ ಹಳೆಯ ಗೆಳೆಯ, ಕೊನೆಗೆ ಒಗಟು ಬಿಡಿಸುವ ಭೌತವಿಜ್ಞಾನಿ ಯುಕಾವಾನ ಪಾತ್ರವನ್ನೇ ತೆಗೆದುಹಾಕಿದ್ದಾರೆ. ಇಬ್ಬರು ಸಮಬಲದ ಬುದ್ಧಿವಂತರ ನಡುವಿನ ಗೌರವ ಹೋದ ಮೇಲೆ ಅಲ್ಲಿ ಉಳಿದದ್ದು ಬರೀ ಕಣ್ಣೀರು.

ನಿರ್ವಾಹಕ:

ಸಿನಿಮಾಗಳ ಹೋಲಿಕೆಗೆ ಬೇರೆ ಎಳೆ ತೆರೆಯಬಹುದು. ಇಲ್ಲಿ ಮೂಲ ಪ್ರಶ್ನೆಯನ್ನು ಬಿಡದಿರೋಣ.

ಕಡಲತಡಿ_ವಕೀಲ:

ಮೂಲ ಪ್ರಶ್ನೆಗೇ ಬರುತ್ತೇನೆ, ಆದರೆ ಕಾನೂನಿನ ಬಾಗಿಲಿನಿಂದ. ಕಥೆಯ ನೀತಿಯ ಬಗ್ಗೆ ಮಾತನಾಡುವವರು ಒಂದು ವಿಷಯವನ್ನು ಕೇಳುವುದೇ ಇಲ್ಲ. ಇಶಿಗಾಮಿ ಆ ರಾತ್ರಿ ಬಾಗಿಲು ತಟ್ಟದೆ ಇದ್ದಿದ್ದರೆ ಏನಾಗುತ್ತಿತ್ತು?

ಘಟನೆಯ ಕ್ರಮವನ್ನು ನೋಡಿ. ಹೊರಡಲು ಸಿದ್ಧನಾಗಿದ್ದ ತೊಗಾಶಿಯ ತಲೆಗೆ ಮಿಸಾತೊ ಹಿಂದಿನಿಂದ ಲೋಹದ ಹೂದಾನಿಯಲ್ಲಿ ಹೊಡೆಯುತ್ತಾಳೆ. ಅವನು ಎದ್ದು ಆ ಹುಡುಗಿಯ ಮೇಲೆ ಬೀಳುತ್ತಾನೆ. ಆಗ ಯಾಸುಕೊ ಕೊತಾತ್ಸುವಿನ (ಕಾಲು ಬೆಚ್ಚಗಿಡುವ ತಗ್ಗು ಮೇಜಿನ) ವಿದ್ಯುತ್ ತಂತಿಯನ್ನು ಅವನ ಕುತ್ತಿಗೆಗೆ ಬಿಗಿಯುತ್ತಾಳೆ. ಜಪಾನಿನ ದಂಡಸಂಹಿತೆಯ 199ನೇ ವಿಧಿಯಂತೆ ಕೊಲೆಗೆ ಮರಣದಂಡನೆ, ಜೀವಾವಧಿ ಅಥವಾ ಕನಿಷ್ಠ 5 ವರ್ಷಗಳ ಸೆರೆವಾಸ. ಆದರೆ ಅದೇ ಸಂಹಿತೆಯ 36ನೇ ವಿಧಿ ಸ್ವರಕ್ಷಣೆಗೂ ಮತ್ತೊಬ್ಬರ ರಕ್ಷಣೆಗೂ ಅವಕಾಶ ಕೊಡುತ್ತದೆ, ಮಿತಿ ಮೀರಿದ ರಕ್ಷಣೆಯಾದರೂ ಸಂದರ್ಭ ನೋಡಿ ಶಿಕ್ಷೆಯನ್ನು ಇಳಿಸಬಹುದು ಅಥವಾ ಮನ್ನಾ ಮಾಡಬಹುದು ಎನ್ನುತ್ತದೆ. ಪೊಲೀಸರಿಗೆ ಗೊತ್ತಾಗುವ ಮೊದಲೇ ತಾನಾಗಿ ಶರಣಾದರೆ 42ನೇ ವಿಧಿಯ ರಿಯಾಯಿತಿ ಬೇರೆ. ಮಿಸಾತೊಗೆ ಹದಿನಾಲ್ಕು ತುಂಬಿರದಿದ್ದರೆ 41ನೇ ವಿಧಿಯಂತೆ ಶಿಕ್ಷೆಯ ಪ್ರಶ್ನೆಯೇ ಇಲ್ಲ. ಅಂದರೆ, ಆ ರಾತ್ರಿಯೇ ಠಾಣೆಗೆ ಫೋನ್ ಮಾಡಿದ್ದರೆ ತಾಯಿ ಮಗಳಿಗೆ ವಾದಿಸಲು ನೆಲ ಗಟ್ಟಿಯಾಗಿಯೇ ಇತ್ತು. ಫೋನ್ ಮಾಡಲು ಯಾಸುಕೊ ಯೋಚಿಸಿಯೂ ಇದ್ದಳು.

ಇಶಿಗಾಮಿಯ ‘ನೆರವು’ ಆ ನೆಲವನ್ನು ಅವರ ಕಾಲಡಿಯಿಂದ ಎಳೆದುಬಿಟ್ಟಿತು. ತೊಗಾಶಿಯ ಶವ ಸುಮಿದಾ ನದಿಯ ಪಾಲಾದ ಮೇಲೆ ಸ್ವರಕ್ಷಣೆಯನ್ನು ಯಾವ ಮುಖದಿಂದ ಹೇಳುವುದು? ಅವನು ಅವರನ್ನು ಕಾಪಾಡಿದ ಎಂದು ನಾವು ಓದುತ್ತೇವೆ. ನನಗೆ ಮಾತ್ರ ಅವರಿಗಿದ್ದ ಏಕೈಕ ನ್ಯಾಯವಾದ ದಾರಿಯನ್ನು ಮುಚ್ಚಿದವನು ಅವನೇ ಎಂದು ಕಾಣುತ್ತದೆ.

ಇನ್ನೊಂದು ಸಣ್ಣ ಮಾತು. ಇಶಿಗಾಮಿಯ ಕೊನೆಯ ಅಸ್ತ್ರ, ತೊಗಾಶಿಯನ್ನು ಕೊಂದವನು ತಾನೇ ಎಂಬ ಅವನ ತಪ್ಪೊಪ್ಪಿಗೆ. ತಪ್ಪೊಪ್ಪಿಗೆಯೊಂದನ್ನೇ ಆಧಾರವಾಗಿಟ್ಟುಕೊಂಡು ಯಾರನ್ನೂ ಅಪರಾಧಿ ಎನ್ನಬಾರದೆಂದು ಜಪಾನಿನ ಸಂವಿಧಾನದ 38ನೇ ವಿಧಿ ಹೇಳುತ್ತದೆ; ಅದು ಗೊತ್ತಿದ್ದೇ ಅವನು ಭೌತಿಕ ಸಾಕ್ಷ್ಯವನ್ನೂ ಕೂಡಿಸಿಟ್ಟ. ನಮ್ಮಲ್ಲಿಯಾಗಿದ್ದರೆ ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಸಾಕ್ಷ್ಯವೇ ಆಗುವುದಿಲ್ಲ, ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಮಿನಲ್ಲಿದ್ದ ಆ ನಿಯಮ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿದೆ. ಅವನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕಾಗುತ್ತಿತ್ತು.

ಮಂದಾರ:

ವಕೀಲರೇ, ವರ್ಷಾನುಗಟ್ಟಲೆ ಹೊಡೆತ ತಿಂದ ಹೆಂಗಸಿಗೆ ಆ ಗಳಿಗೆಯಲ್ಲಿ 36ನೇ ವಿಧಿ ನೆನಪಾಗುವುದಿಲ್ಲ. ಮಗಳ ಹೆಸರು ಪೊಲೀಸ್ ಕಾಗದದಲ್ಲಿ ಬರಬಾರದು ಎಂಬುದೊಂದೇ ಅವಳ ಯೋಚನೆ. ಮನೆಯಲ್ಲಿ ಹೆಣ ಬಿದ್ದಿರುವಾಗ ಬಾಗಿಲಲ್ಲಿ ನಿಂತು ‘ಹೆಂಗಸರಿಬ್ಬರಿಂದ ಶವ ಸಾಗಿಸಲಾಗದು’ ಎಂದು ಸಮಾಧಾನದ ದನಿಯಲ್ಲಿ ಹೇಳುವವನನ್ನು ನಂಬದೆ ಅವಳೇನು ಮಾಡಬೇಕಿತ್ತು?

ಕಡಲತಡಿ_ವಕೀಲ:

ಯಾಸುಕೊಳನ್ನು ನಾನು ದೂರಿಲ್ಲ, ಮೇಡಂ. ದೂರಿದ್ದು ಅವಳ ದಿಗಿಲನ್ನು ತನ್ನ ಆರಾಧನೆಗೆ ಅವಕಾಶವಾಗಿ ಮಾಡಿಕೊಂಡವನನ್ನು.

ಒಸಾಕಾ_ಕನ್ನಡಿಗ:

ಕೆಲಸದ ನಿಮಿತ್ತ ಇಲ್ಲೇ ಇರುವುದರಿಂದ ಎಂಜಿನಿಯರನ ಬಗ್ಗೆ ಒಂದಷ್ಟು ಹೇಳಬಲ್ಲೆ. 1990ರ ದಶಕದ ಆರಂಭದಲ್ಲಿ ಜಪಾನಿನ ಆರ್ಥಿಕ ಗುಳ್ಳೆ ಒಡೆದ ಮೇಲೆ ನದಿ ದಂಡೆಗಳಲ್ಲೂ ಉದ್ಯಾನಗಳಲ್ಲೂ ನೀಲಿ ಟಾರ್ಪಾಲಿನ ಗುಡಾರಗಳು ಸಾಲುಗಟ್ಟಿದವು. ಟೋಕಿಯೋದ ಸುಮಿದಾ ದಂಡೆ ಅಂಥದ್ದಕ್ಕೆ ಹೆಸರುವಾಸಿಯಾಗಿತ್ತು. 2002ರಲ್ಲಿ ಮನೆಯಿಲ್ಲದವರಿಗಾಗಿ ವಿಶೇಷ ಕಾಯ್ದೆ ಬಂತು. 2003ರ ಸರ್ಕಾರಿ ಸಮೀಕ್ಷೆ ದೇಶದಾದ್ಯಂತ 25,296 ಜನರನ್ನು ಎಣಿಸಿತು. 2024ರಲ್ಲಿ ಅದೇ ಸಮೀಕ್ಷೆ ಎಣಿಸಿದ್ದು 2,820 ಜನರನ್ನು. ಉದ್ಯಾನ, ನದಿ ದಂಡೆ, ರಸ್ತೆ, ನಿಲ್ದಾಣಗಳಲ್ಲಿ ಮಲಗುವವರು ಮಾತ್ರ ಈ ಲೆಕ್ಕಕ್ಕೆ ಬರುತ್ತಾರೆ, ರಾತ್ರಿಯಿಡೀ ತೆರೆದಿರುವ ಇಂಟರ್ನೆಟ್ ಕೆಫೆಗಳಲ್ಲಿ ದಿನ ದೂಡುವವರು ಬರುವುದಿಲ್ಲ. ಕಾದಂಬರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರಲು ಆರಂಭಿಸಿದ್ದು ಸಂಖ್ಯೆ ಅಷ್ಟು ದೊಡ್ಡದಿದ್ದ 2003ರಲ್ಲೇ ಎಂಬುದನ್ನು ಗಮನಿಸಿ. ಅಂದಿನ ಓದುಗ ಆಫೀಸಿಗೆ ಹೋಗುವ ದಾರಿಯಲ್ಲಿ ದಿನವೂ ಅವರನ್ನು ದಾಟಿ ಹೋಗುತ್ತಿದ್ದವನು.

ಎಂಜಿನಿಯರ್ ಆ ದಂಡೆಗೆ ಹೊಸಬ. ಉಳಿದವರು ಡಬ್ಬಿ ಜಜ್ಜುತ್ತಾ ತಮ್ಮ ದಿನಚರಿ ಕಂಡುಕೊಂಡಿದ್ದಾರೆ. ಇವನು ಮಾತ್ರ ಇನ್ನೂ ಕೆಲಸ ಸಿಗುವ ಆಸೆಯನ್ನು ಬಿಟ್ಟಂತಿಲ್ಲ. ಇಶಿಗಾಮಿ ಅವನಿಗೆ ಆಮಿಷವಾಗಿ ಒಡ್ಡಿದ್ದು ಕೂಡ ಕೆಲಸವನ್ನೇ. ಆ ವಿವರ ನನ್ನನ್ನು ಹೆಚ್ಚು ಕಾಡುತ್ತದೆ.

ಇಲ್ಲಿ 1899ರ ಒಂದು ಕಾನೂನು ಇನ್ನೂ ಜಾರಿಯಲ್ಲಿದೆ. ಗುರುತು ಸಿಗದೆ, ವಾರಸುದಾರರಿಲ್ಲದೆ ಸತ್ತವರ ಅಂತ್ಯಕ್ರಿಯೆಯನ್ನು ಸ್ಥಳೀಯ ಆಡಳಿತವೇ ಮಾಡಿ, ‘ಕಂಪೊ’ ಎಂಬ ಸರ್ಕಾರಿ ರಾಜಪತ್ರದಲ್ಲಿ ಎತ್ತರ, ಉಡುಪು, ಬಳಿಯಿದ್ದ ವಸ್ತುಗಳ ವಿವರ ಪ್ರಕಟಿಸಬೇಕು. ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಬರುವ ‘ಅಪರಿಚಿತ ಶವ ಪತ್ತೆ’ ಎಂಬ ನಾಲ್ಕು ಸಾಲಿನ ಸುದ್ದಿಯ ಹಾಗೆ. ಎಂಜಿನಿಯರನಿಗೆ ಆ ನಾಲ್ಕು ಸಾಲೂ ದಕ್ಕಲಿಲ್ಲ, ಏಕೆಂದರೆ ಅವನು ತೊಗಾಶಿಯ ಹೆಸರಿನಲ್ಲಿ ಸತ್ತ.

ಬೆಳವಲ:

ಮುಖ, ಬೆರಳು, ಹೆಸರು ಮೂರನ್ನೂ ಕಿತ್ತುಕೊಂಡದ್ದು ಸಾಲದೆ ಸಾವನ್ನೂ ಕಿತ್ತುಕೊಂಡರು ಎಂದಾಯಿತು.

ಹಳೇ_ಪತ್ತೇದಾರ:

ಈ ಪ್ರಶ್ನೆ ಜಪಾನಿನ ಪತ್ತೇದಾರಿ ಸಾಹಿತ್ಯಕ್ಕೆ ಹೊಸದಲ್ಲ. ಎದೊಗಾವಾ ರಾಂಪೊ 1925ರಲ್ಲೇ ‘ಮನಶ್ಶಾಸ್ತ್ರದ ಪರೀಕ್ಷೆ’ ಎಂಬರ್ಥದ ಹೆಸರಿನ ಕಥೆಯೊಂದನ್ನು ಬರೆದಿದ್ದರು. ಅದರಲ್ಲಿ ಫುಕಿಯಾ ಎಂಬ ಬಡ ವಿದ್ಯಾರ್ಥಿ, ನಾಳೆ ಸಾಯಲಿರುವ ಮುದುಕಿಯ ಬಳಿ ಕೊಳೆಯುವ ಹಣ ತನ್ನಂಥ ಪ್ರತಿಭಾವಂತನಿಗೆ ಸಂದರೆ ತಪ್ಪೇನು ಎಂದು ಲೆಕ್ಕ ಹಾಕಿ ಕೊಲ್ಲುತ್ತಾನೆ. ಪತ್ತೇದಾರ ಅಕೆಚಿ ಅವನನ್ನು ಹಿಡಿಯುವುದು ಅವನು ಪರೀಕ್ಷೆಗೆ ಅತಿಯಾಗಿ ತಯಾರಾಗಿ ಬಂದದ್ದರಿಂದ. ‘ಅವರ ಬದುಕಿಗೆ ಬೆಲೆ ಕಡಿಮೆ’ ಎಂಬ ಅದೇ ಲೆಕ್ಕಾಚಾರ ಇಶಿಗಾಮಿಯಲ್ಲೂ ಇದೆ. ವ್ಯತ್ಯಾಸವೆಂದರೆ ಫುಕಿಯಾ ತನಗಾಗಿ ಕೊಂದ, ಇವನು ಇನ್ನೊಬ್ಬರಿಗಾಗಿ ಕೊಂದ. ಅಷ್ಟಕ್ಕೇ ನಾವು ಕರಗಿಹೋಗುತ್ತೇವೆ.

ಆದರೆ ನನಗೆ ನಿಜವಾಗಿ ಹೋಲಿಸಬೇಕೆನಿಸುವುದು ಸೇಚೊ ಮಾತ್ಸುಮೊತೊ ಅವರೊಂದಿಗೆ. 1960-61ರಲ್ಲಿ ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅವರ ‘ಸುನಾ ನೋ ಉತ್ಸುವಾ’ ಕಾದಂಬರಿಯಲ್ಲೂ ಟೋಕಿಯೋದ ಕಾಮಾತಾ ರೈಲು ಯಾರ್ಡಿನಲ್ಲಿ ಮುಖ ಜಜ್ಜಿದ, ಗುರುತು ಸಿಗದ ಶವವೊಂದು ಸಿಗುತ್ತದೆ. ಅಲ್ಲಿ ಪತ್ತೇದಾರ ಇಮಾನಿಶಿಯ ಮುಂದಿರುವ ಮೊದಲ ಕೆಲಸ ಕೊಲೆಗಾರನನ್ನು ಹುಡುಕುವುದಲ್ಲ, ಸತ್ತವನು ಯಾರು ಎಂದು ತಿಳಿಯುವುದು. ಅದಕ್ಕಾಗಿ ಅವನು ದೇಶದ ಈ ಮೂಲೆಯಿಂದ ಆ ಮೂಲೆಗೆ ರೈಲಿನಲ್ಲಿ ಅಲೆಯುತ್ತಾನೆ. ಸತ್ತವನು ಮಿಕಿ ಎಂಬ ನಿವೃತ್ತ ಪೊಲೀಸ್, ಊರವರೆಲ್ಲ ಕೊಂಡಾಡುವ ಒಳ್ಳೆಯ ಮನುಷ್ಯ ಎಂದು ನಮಗೆ ಬಿಡಿ ಬಿಡಿಯಾಗಿ ತಿಳಿಯುತ್ತಾ ಹೋಗುತ್ತದೆ. ಕೊಲೆಗಾರನ ಹಿಂದೆಯೂ ಒಂದು ಮಹಾ ಅನ್ಯಾಯದ ಕಥೆಯಿದೆ, ಅವನ ತಂದೆ ಕುಷ್ಠರೋಗಿ. ರೋಗಿಗಳನ್ನು ಬಲವಂತವಾಗಿ ಪ್ರತ್ಯೇಕಿಸುತ್ತಿದ್ದ ಆ ದೇಶದ ಕಾನೂನು ರದ್ದಾಗಿದ್ದು 1996ರಲ್ಲಿ, ಅದು ಸಂವಿಧಾನಬಾಹಿರವೆಂದು ಕುಮಾಮೊತೊ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟದ್ದು 2001ರಲ್ಲಿ. ಮಾತ್ಸುಮೊತೊ ಕೊಲೆಗಾರನ ನೋವನ್ನೂ ಹೇಳಿದರು, ಸತ್ತವನ ಬದುಕನ್ನೂ ಹೇಳಿದರು. ಹಿಗಾಶಿನೊ ಮೊದಲನೆಯದನ್ನು ಮಾತ್ರ ಹೇಳಿದ್ದಾರೆ. ಅದು ಕೊರತೆಯೇ.

ಗಣಿತಮೇಷ್ಟ್ರು:

ಕೊರತೆ ಎಂದು ನನಗೆ ಅನ್ನಿಸುವುದಿಲ್ಲ. ಮೊದಲ ಅಧ್ಯಾಯವನ್ನು ಮತ್ತೊಮ್ಮೆ ತೆಗೆದು ನೋಡಿ. ಇಶಿಗಾಮಿ ಮನೆಯಿಂದ ಹೊರಟು ನದಿಯ ಬದಿಯಲ್ಲಿ ನಡೆಯುತ್ತಾನೆ; ಕೊಲೆ ಇನ್ನೂ ನಡೆದಿಲ್ಲ, ತೊಗಾಶಿ ಇನ್ನೂ ಬಂದೇ ಇಲ್ಲ, ಆದರೆ ಎಂಜಿನಿಯರ್ ಆಗಲೇ ಬೆಂಚಿನ ಮೇಲೆ ಕುಳಿತಿದ್ದಾನೆ. ಲೇಖಕರು ಅವನನ್ನು ಬಚ್ಚಿಡಲಿಲ್ಲ. ಓದುಗರೆಲ್ಲರ ಕಣ್ಣೆದುರು ಇಟ್ಟರು, ನಾವೇ ಅವನನ್ನು ‘ಹಿನ್ನೆಲೆಯ ವರ್ಣನೆ’ ಎಂದುಕೊಂಡು ದಾಟಿ ಹೋದೆವು. ಇಡೀ ತಂತ್ರ ನಿಂತಿರುವುದೇ ಪೊಲೀಸರೂ ಓದುಗರೂ ಹಾಗೆ ದಾಟಿ ಹೋಗುತ್ತಾರೆ ಎಂಬ ಖಾತರಿಯ ಮೇಲೆ. ಅವನಿಗೆ ಹೆಸರು, ಊರು, ಹೆಂಡತಿ, ಮಕ್ಕಳು ಎಂದು ಮೊದಲೇ ಹೇಳಿದ್ದರೆ ಗುಟ್ಟು ಅಲ್ಲೇ ಒಡೆಯುತ್ತಿತ್ತು.

ತುಂಗಭದ್ರಾ:

ಮೊದಲ ಅಧ್ಯಾಯದಲ್ಲಿ ಹೇಳಲಾಗದಿದ್ದರೆ ಬೇಡ, ಕೊನೆಯ ಅಧ್ಯಾಯದಲ್ಲಿ ಹೇಳಬಹುದಿತ್ತಲ್ಲ? ಗುಟ್ಟು ಒಡೆದ ಮೇಲೂ ಪುಟಗಳು ಉಳಿದಿದ್ದವು. ಆ ಪುಟಗಳೆಲ್ಲ ಇಶಿಗಾಮಿಯ ಚೀರಾಟಕ್ಕೆ ಮೀಸಲಾದವು. ಓದುಗ ಯಾರಿಗಾಗಿ ಅಳಬೇಕು ಎಂಬುದನ್ನು ಲೇಖಕ ನಿರ್ಧರಿಸುತ್ತಾನೆ, ಮೇಷ್ಟ್ರೇ, ಆ ಹೊಣೆಯನ್ನು ಓದುಗನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲಾಗದು.

ಹಳೇ_ಪತ್ತೇದಾರ:

ತುಂಗಭದ್ರಾ ಅವರ ಮಾತಿಗೆ ನನ್ನ ಸಹಿ ಇದೆ. ಅಂದಹಾಗೆ, ಓದುಗರಿಗೆ ಸುಳಿವು ಸಾಲದು, ಆದ್ದರಿಂದ ಇದು ‘ಹೊಂಕಾಕು’ ಎನಿಸುವ ಶುದ್ಧ ಒಗಟಿನ ಕಾದಂಬರಿಯೇ ಅಲ್ಲ ಎಂದು ಲೇಖಕ ರೇತೊ ನಿಕಾಯ್ದೊ ವಾದ ಎತ್ತಿ, ಜಪಾನಿನ ಪತ್ತೇದಾರಿ ಬರಹಗಾರರ ನಡುವೆ ದೊಡ್ಡ ಜಟಾಪಟಿಯೇ ನಡೆಯಿತು. ಆದರೂ 2006ರಲ್ಲಿ ಹೊಂಕಾಕು ಮಿಸ್ಟರಿ ಪ್ರಶಸ್ತಿ ಇದಕ್ಕೇ ಹೋಯಿತು. ಸುಳಿವು ಇತ್ತೋ ಇಲ್ಲವೋ ಎಂದು ಕಾದಾಡುವುದೆಂದರೆ ಎಂಜಿನಿಯರ್ ಓದುಗನ ಕಣ್ಣಿಗೆ ಬಿದ್ದನೋ ಇಲ್ಲವೋ ಎಂದು ಕಾದಾಡಿದಂತೆಯೇ.

ಶರಾವತಿ_ಓದು:

ಯುಕಾವಾನನ್ನು ಯಾರೂ ಇನ್ನೂ ಎತ್ತಿಲ್ಲ. ಪುಸ್ತಕದಲ್ಲಿ ಎಂಜಿನಿಯರನ ಪರವಾಗಿ ಮಾತನಾಡುವವನು ಅವನೊಬ್ಬನೇ. ಸಮಾಜವೆಂಬ ಗಡಿಯಾರದ ಹಲ್ಲುಚಕ್ರಗಳ ಮಾತು ಬಂದಾಗ ಅವನು ಇಶಿಗಾಮಿಯ ಮುಖಕ್ಕೇ ಹೇಳುತ್ತಾನೆ: ಈ ಜಗತ್ತಿನಲ್ಲಿ ಬೇಡವಾದ ಚಕ್ರ ಎಂಬುದಿಲ್ಲ, ಅದರ ಉಪಯೋಗ ಏನೆಂದು ಗೊತ್ತುಮಾಡುವ ಹಕ್ಕು ಆ ಚಕ್ರಕ್ಕೆ ಮಾತ್ರ ಇದೆ ಎಂಬ ಅರ್ಥದ ಮಾತು. ತಾನು ಎಲ್ಲವನ್ನೂ ಬಲ್ಲೆ ಎಂಬ ಸೂಚನೆಯೂ, ಗೆಳೆಯನ ಮೇಲಿನ ತೀರ್ಪೂ ಅದರಲ್ಲಿ ಒಟ್ಟಿಗೇ ಇವೆ. ಅಲ್ಲಿಂದ ಮುಂದೆ ಯುಕಾವಾ ಮಾಡಿದ್ದು ಸರಿಯೇ ಎಂಬುದರ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ, ಆದರೆ ಮೊದಲು ನೀವೆಲ್ಲ ಹೇಳಿ.

ಮಂದಾರ:

ಸರಿಯಲ್ಲ. ಕುಸಾನಾಗಿಗೆ ‘ಪೊಲೀಸನಾಗಿ ಬೇಡ, ಸ್ನೇಹಿತನಾಗಿ ಕೇಳು’ ಎಂದು ಹೇಳಿ ತನ್ನ ಭಾರವನ್ನು ಅವನ ಹೆಗಲಿಗೆ ಹಾಕಿದ. ಯಾಸುಕೊಳ ಬಳಿ ಹೋಗಿ, ಅವಳಿಗೆ ಗೊತ್ತೇ ಇರದಿದ್ದ ಎರಡನೆಯ ಕೊಲೆಯನ್ನು ಅವಳ ಮಡಿಲಿಗೆ ಸುರಿದ. ಅತ್ತ ಯಾಸುಕೊಳನ್ನು ಮೆಚ್ಚಿದ್ದ ಕುದೊ ಮದುವೆಯ ಉಂಗುರ ಹಿಡಿದು ನಿಂತಿದ್ದ ದಿನ, ಇತ್ತ ಮಿಸಾತೊ ಮಣಿಕಟ್ಟು ಕುಯ್ದುಕೊಂಡ ದಿನ. ಇಶಿಗಾಮಿ ಜೈಲಿಗೆ ಹೋಗಿಯೇ ಇದ್ದ, ಕೊಲೆಗೆ ಶಿಕ್ಷೆ ಆಗಿಯೇ ಆಗುತ್ತಿತ್ತು. ಸುಮ್ಮನಿದ್ದಿದ್ದರೆ ಎರಡು ಜೀವವಾದರೂ ನೆಮ್ಮದಿಯಾಗಿರುತ್ತಿದ್ದವು.

ಕಡಲತಡಿ_ವಕೀಲ:

ಶಿಕ್ಷೆ ಯಾವ ಕೊಲೆಗೆ ಆಗುತ್ತಿತ್ತು, ಮೇಡಂ? ತೊಗಾಶಿಯ ಕೊಲೆಗೆ. ಎಂಜಿನಿಯರನ ಕೊಲೆ ಯಾವ ಕಡತದಲ್ಲೂ ಇರುತ್ತಿರಲಿಲ್ಲ. ಕೊಂದವನು ಸೆರೆಮನೆಯಲ್ಲಿದ್ದರೂ ಸತ್ತವನಿಗೆ ನ್ಯಾಯ ಸಿಕ್ಕಿಲ್ಲ ಎಂಬಂಥ ಸನ್ನಿವೇಶವನ್ನು ನಾನು ಬೇರೆ ಕಾದಂಬರಿಯಲ್ಲಿ ಕಂಡಿಲ್ಲ. ‘ನೆಮ್ಮದಿ’ಯ ಬಗ್ಗೆಯೂ ಸಂಶಯವಿದೆ. ಮಿಸಾತೊ ಮಣಿಕಟ್ಟು ಕುಯ್ದುಕೊಂಡದ್ದು ಯುಕಾವಾನ ಮಾತು ಕೇಳಿ ಅಲ್ಲ, ಏಕೆಂದರೆ ಅವಳಿಗೆ ಅವನು ಏನನ್ನೂ ಹೇಳಿರಲಿಲ್ಲ. ಇಶಿಗಾಮಿಯ ಯೋಜನೆಯಲ್ಲಿ ಎಲ್ಲಕ್ಕೂ ಜಾಗವಿತ್ತು, ಆ ಹುಡುಗಿಯ ಮನಸ್ಸಾಕ್ಷಿಗೆ ಮಾತ್ರ ಇರಲಿಲ್ಲ.

ಗಣಿತಮೇಷ್ಟ್ರು:

ಮಿಸಾತೊಳ ವಿಷಯದಲ್ಲಿ ವಕೀಲರ ಮಾತನ್ನು ಒಪ್ಪುತ್ತೇನೆ. ಇನ್ನೊಂದನ್ನು ಸೇರಿಸಬೇಕು. ವಿಚಾರಣೆಯಲ್ಲಿ ತಾನು ಎಲ್ಲಿಯಾದರೂ ಕುಸಿದೇನು ಎಂಬ ಅಳುಕಿನಿಂದ, ಹಿಂದಿರುಗುವ ದಾರಿಯೇ ತನಗೆ ಇರಬಾರದೆಂದು ಇಶಿಗಾಮಿ ನಿಜವಾದ ಕೊಲೆಗಾರನಾದ ಎಂದು ಯುಕಾವಾ ವಿವರಿಸುತ್ತಾನೆ. ಅಂದರೆ ಎಂಜಿನಿಯರ್ ಸತ್ತದ್ದು ತಾಯಿ ಮಗಳನ್ನು ಉಳಿಸಲಷ್ಟೇ ಅಲ್ಲ, ಇಶಿಗಾಮಿಯ ಸಂಕಲ್ಪವನ್ನು ಗಟ್ಟಿ ಮಾಡಲು ಕೂಡ. ಆ ಕಡೆಯಿಂದ ನೋಡಿದರೆ ತ್ಯಾಗ ಎಂಬುದು ನನಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಕಪಕ್ಕದ ಭಾಗಗಳಿಗೆ ಬೇರೆ ಬೇರೆ ಬಣ್ಣ ಬರಲು ಯಾವ ನಕ್ಷೆಗೂ ನಾಲ್ಕೇ ಬಣ್ಣ ಸಾಕು ಎಂಬ, 1976ರಲ್ಲಿ ಕಂಪ್ಯೂಟರಿನ ನೆರವಿನಿಂದ ಸಾಧಿಸಿದ ನಾಲ್ಕು ಬಣ್ಣಗಳ ಪ್ರಮೇಯದ ಸಾಧನೆಯನ್ನು ‘ಸುಂದರವಾಗಿಲ್ಲ’ ಎಂದು ತಳ್ಳಿಹಾಕಿದ ಮನುಷ್ಯ ಅವನು! ತನ್ನ ಸಾಧನೆಯ ಬಗ್ಗೆ ಅವನಿಗೆ ಆ ಅಳುಕು ಬರಲಿಲ್ಲ.

ಒಸಾಕಾ_ಕನ್ನಡಿಗ:

ಯಾಸುಕೊ ಠಾಣೆಗೆ ಬಂದು ತಪ್ಪೊಪ್ಪಿಕೊಂಡದ್ದನ್ನು ಇಲ್ಲಿನ ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ‘ಅವನ ತ್ಯಾಗವನ್ನು ಹಾಳುಮಾಡಿದಳು’ ಎನ್ನುತ್ತಾರೆ, ಕೆಲವರು ‘ಅವನನ್ನು ಮೊದಲ ಬಾರಿಗೆ ಮನುಷ್ಯನಾಗಿ ಕಂಡಳು’ ಎನ್ನುತ್ತಾರೆ. ಆದ್ದರಿಂದ ‘ಜಪಾನೀಯರ ಮನೋಭಾವವೇ ಹೀಗೆ’ ಎಂದು ಯಾರಾದರೂ ಬರೆಯಲು ಹೊರಟಿದ್ದರೆ ದಯವಿಟ್ಟು ನಿಲ್ಲಿಸಿ; ಅವರಲ್ಲೂ ನಮ್ಮಷ್ಟೇ ಜಗಳವಿದೆ.

ಶರಾವತಿ_ಓದು:

ನನ್ನ ಅಭಿಪ್ರಾಯ ಇಷ್ಟು. ಯುಕಾವಾ ಯಾಸುಕೊಳ ಬಳಿ ಹೋದದ್ದು ಇಶಿಗಾಮಿಗಾಗಿ ಎಂದು ಕಾದಂಬರಿ ಹೇಳುತ್ತದೆ, ಗೆಳೆಯ ಎಷ್ಟನ್ನು ತೆತ್ತಿದ್ದಾನೆ ಎಂಬುದು ಅವಳಿಗೆ ತಿಳಿಯದೆ ಹೋಗುವುದನ್ನು ಅವನಿಂದ ಸಹಿಸಲಾಗಲಿಲ್ಲ. ಸತ್ಯ ಹೊರಬಿದ್ದದ್ದು ಕೂಡ ಎಂಜಿನಿಯರನಿಗಾಗಿ ಅಲ್ಲ! ಆದರೂ ಹೊರಬಿದ್ದಿತು ಎಂಬ ಕಾರಣಕ್ಕೆ ನಾನು ಯುಕಾವಾನ ಪಕ್ಷ. ಲೇಖಕರ ವಿಷಯದಲ್ಲಿ ಮೇಷ್ಟ್ರ ಮಾತು ನನ್ನನ್ನು ಅರ್ಧ ಒಪ್ಪಿಸಿದೆ, ತುಂಗಭದ್ರಾ ಅವರ ಮಾತು ಉಳಿದರ್ಧವನ್ನು ಒಪ್ಪಿಸಲು ಬಿಡುತ್ತಿಲ್ಲ.

ಸಿನಿಮಾಹುಚ್ಚ:

ಇಷ್ಟೆಲ್ಲ ಓದಿದ ಮೇಲೆ ಪುಸ್ತಕ ಕೊಳ್ಳಲೇಬೇಕಾಯಿತು. ಗುಟ್ಟು ಗೊತ್ತಾದ ಮೇಲೆ ಓದಿದರೆ ರುಚಿಸುತ್ತದೆಯೇ? ಇದೇ ಸರಣಿಯಲ್ಲಿ ಬೇರೆ ಏನಿದೆ?

ಹಳೇ_ಪತ್ತೇದಾರ:

ಗುಟ್ಟು ಗೊತ್ತಿದ್ದು ಓದಿದರೆ ಮೊದಲ ಅಧ್ಯಾಯ ಬೇರೆಯೇ ಆಗಿ ಕಾಣುತ್ತದೆ, ಧೈರ್ಯವಾಗಿ ಕೊಳ್ಳಿ. ಯುಕಾವಾ ಬರುವ ಮೊದಲ ಎರಡು ಪುಸ್ತಕಗಳು ಕಥಾಸಂಕಲನಗಳು. ಇದು ಮೂರನೆಯದು, ಸರಣಿಯ ಮೊದಲ ಕಾದಂಬರಿ. ಇದರ ನಂತರ ‘ಸೈಲೆಂಟ್ ಪರೇಡ್’ ಎಂಬ ಹೆಸರಿನಲ್ಲಿ 2021ರಲ್ಲಿ ಇಂಗ್ಲಿಷಿಗೆ ಬಂದದ್ದನ್ನು ಓದಿ. ಸಾಕ್ಷ್ಯವಿಲ್ಲವೆಂದು ಕಾನೂನಿನ ಕೈಯಿಂದ ಜಾರಿಕೊಂಡವನೊಬ್ಬ ಸತ್ತಾಗ ಊರಿಗೆ ಊರೇ ಸಂಶಯಕ್ಕೆ ಒಳಗಾಗುವ ಕಥೆ ಅದು, ನಮ್ಮ ವಕೀಲರಿಗೂ ಹಿಡಿಸಬಹುದು.

ಕಡಲತಡಿ_ವಕೀಲ:

ಓದಿಯಾಗಿದೆ. ಅದರಲ್ಲಿ ಯುಕಾವಾ ಈ ಹಳೆಯ ಪ್ರಕರಣದಿಂದ ಏನು ಕಲಿತ ಎಂಬುದರ ಬಗ್ಗೆ ನನಗೆ ನಿಮ್ಮೊಂದಿಗೆ ಜಗಳವಿದೆ. ನಿರ್ವಾಹಕರು ಬಿಟ್ಟರೆ ಹೊಸ ಎಳೆ ತೆರೆಯುತ್ತೇನೆ.

ನಿರ್ವಾಹಕ:

ತೆರೆಯಿರಿ. ಶೀರ್ಷಿಕೆಯಲ್ಲೇ ಗುಟ್ಟು ಒಡೆಯಬೇಡಿ, ಅಷ್ಟೇ.